ಎರಡು ನುಡಿಯ ಮೇಷ್ಟರನ್ನು ಸಾಕುವವರು ಯಾರು?



ದ್ವಿಭಾಷಾ ಶಿಕ್ಷಣದ ಬಗ್ಗೆ ಮಾತಾಡಲು ನಿಂತವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ತಾಯಿನುಡಿಯ ಹಿರಿಮೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಒಂದು, ಇಂಗ್ಲಿಷಿನ ಅನಿವಾರ್ಯತೆ ಹೇಳಿ ಸಭೆಯ ಬಾಯಿ ಮುಚ್ಚಿಸುವುದು ಇನ್ನೊಂದು. ನಾನು ಇವತ್ತು ಈ ದತ್ತಿ ಉಪನ್ಯಾಸದಲ್ಲಿ ದುಡ್ಡಿನ ಮಾತಾಡುತ್ತೇನೆ. ಮನೆಯಲ್ಲಿ ಒಂದು ನುಡಿ ಆಡುವ ಮಗುವಿಗೆ ಶಾಲೆಯ ಇನ್ನೊಂದು ನುಡಿಯಲ್ಲಿ ಲೆಕ್ಕವನ್ನೂ ವಿಜ್ಞಾನವನ್ನೂ ದಾಟಿಸಬಲ್ಲ ಶಿಕ್ಷಕರು ತಾವಾಗಿ ಹುಟ್ಟುವುದಿಲ್ಲ. ಅವರನ್ನು ತಯಾರು ಮಾಡಲು ಕಾಲ ಹಿಡಿಯುತ್ತದೆ, ಆ ಕಾಲದಲ್ಲಿ ಅವರಿಗೆ ಸಂಪಾದನೆ ಇರುವುದಿಲ್ಲ. ಅವರ ಊಟ, ಕೋಣೆ ಬಾಡಿಗೆ, ಬಸ್ಸಿನ ದುಡ್ಡು, ತಿಂಗಳಿಗೊಮ್ಮೆ ಊರಿಗೆ ಕಳಿಸಬೇಕಾದ ನಾಲ್ಕು ಕಾಸು ಇವೆಲ್ಲ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟ ಕಡೆ ಎರಡು ನುಡಿಯ ಶಾಲೆ ನಡೆದಿದೆ. ಕೊಡದ ಕಡೆ ಸುತ್ತೋಲೆ ಮಾತ್ರ ಓಡಾಡಿದೆ.

ನಮ್ಮ ನೆಲದಲ್ಲಿ ಈ ಪ್ರಶ್ನೆ ಹೊಸದಲ್ಲ. 19ನೆಯ ಶತಮಾನದ ನಡುಭಾಗದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕನ್ನಡ ಮಕ್ಕಳು ಮರಾಠಿಯಲ್ಲಿ ಓದುತ್ತಿದ್ದರು. ಮುಂಬಯಿ ಪ್ರಾಂತದ ಆಡಳಿತ ಹಾಗೆ ನಡೆದುಬಂದಿತ್ತು. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಲು ಹೊರಟಾಗ ಕಟ್ಟಡಕ್ಕಿಂತ, ಪುಸ್ತಕಕ್ಕಿಂತ ದೊಡ್ಡ ಕೊರತೆಯಾಗಿದ್ದುದು ಮೇಷ್ಟರದು. ತಾವು ಮರಾಠಿಯಲ್ಲಿ ಕಲಿತು ಮಕ್ಕಳಿಗೆ ಕನ್ನಡದಲ್ಲಿ ಕಲಿಸಬಲ್ಲವರು ಬೇಕಾಗಿತ್ತು. ಅದಕ್ಕೇ ಧಾರವಾಡದ ಶಿಕ್ಷಕರ ತರಬೇತಿ ಶಾಲೆಗೆ ಅಷ್ಟು ಮಹತ್ವ ಬಂತು, ಅದರ ಹೊಣೆಯನ್ನು ಚನ್ನಬಸಪ್ಪನವರೇ ಹೊತ್ತರು. ನಾರ್ಮಲ್ ಸ್ಕೂಲು ಎಂದು ಕರೆಯುತ್ತಿದ್ದ ಅಂದಿನ ತರಬೇತಿ ಶಾಲೆಗಳಲ್ಲಿ ಕಲಿಯುವವರಿಗೆ ಸಾಮಾನ್ಯವಾಗಿ ಶಿಷ್ಯವೇತನ ಇರುತ್ತಿತ್ತು. ತರಬೇತಿ ಮುಗಿಸಿದವರು ಸರ್ಕಾರಿ ಶಾಲೆಯಲ್ಲಿ ದುಡಿಯಬೇಕೆಂಬ ಕರಾರೂ ಇರುತ್ತಿತ್ತು. ಕಲಿಯುವಾಗ ಅನ್ನ, ಕಲಿತ ಮೇಲೆ ಕೆಲಸ ಎಂಬ ಎರಡು ಕೊಂಡಿಗಳು ಒಂದಕ್ಕೊಂದು ಸೇರಿದ್ದವು. ನಾನು ಇವತ್ತು ಹೇಳಲಿರುವುದೆಲ್ಲ ಈ ಎರಡು ಕೊಂಡಿಗಳ ವಿಷಯವೇ.

ದತ್ತಿಯ ವಿಷಯಕ್ಕೂ ಅದೇ ಧಾರವಾಡದಲ್ಲಿ ಒಂದು ಮೇಲ್ಪಂಕ್ತಿ ಇದೆ. 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರು ಸೇರಿ ಹುಟ್ಟುಹಾಕಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಬಡ ವಿದ್ಯಾರ್ಥಿಗಳಿಗೆ ಹಣ ಒದಗಿಸಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಆ ಹಣದಲ್ಲಿ ಓದಿ ಎಂಜಿನಿಯರು, ವಕೀಲರು, ಅಧಿಕಾರಿಗಳು ಆದವರ ಪಟ್ಟಿ ದೊಡ್ಡದು. ಮೇಷ್ಟರಾಗುವುದಕ್ಕೆಂದೇ ಮೀಸಲಾದ ದತ್ತಿಗಳು ಮಾತ್ರ ನಮ್ಮಲ್ಲಿ ಕಡಿಮೆ. ದಾನ ಕೊಡುವವರ ಕಣ್ಣಿಗೆ ಮೇಷ್ಟರ ಕೆಲಸ ಬಡವನೊಬ್ಬ ತಾನಾಗಿ ಸೇರಿಕೊಳ್ಳುವ ಕೆಲಸ, ಅದಕ್ಕೇಕೆ ನೆರವು ಎಂದು ಕಂಡಿರಬೇಕು.

ಈಗ ಸ್ವಲ್ಪ ದೂರ ಹೋಗೋಣ. ಎರಡು ನುಡಿಯ ಶಿಕ್ಷಕರ ತರಬೇತಿಗೆ ಸರ್ಕಾರದ ಹಣ ಬಂದು, ನಿಂತು, ಮತ್ತೆ ಬಂದ ಚರಿತ್ರೆ ಅಮೆರಿಕದಲ್ಲಿ ಚೆನ್ನಾಗಿ ದಾಖಲಾಗಿದೆ. ಅದನ್ನು ಹೊಗಳುವುದಕ್ಕಾಗಿ ಹೇಳುತ್ತಿಲ್ಲ. ಅವರು ಎಡವಿದ ಜಾಗಗಳೇ ನಮಗೆ ಹೆಚ್ಚು ಉಪಯೋಗ.

1928ರಲ್ಲಿ ಟೆಕ್ಸಾಸ್ ರಾಜ್ಯದ ಸ್ಯಾನ್ ಮಾರ್ಕೋಸ್ ಎಂಬ ಊರಿನ ಶಿಕ್ಷಕರ ಕಾಲೇಜಿನಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಓದುತ್ತಿದ್ದ. ಫೀಸಿಗೆ ದುಡ್ಡಿಲ್ಲದೆ ಒಂದು ವರ್ಷ ಓದು ನಿಲ್ಲಿಸಿ ಕೊಟುಲಾ ಎಂಬ ಊರಿನ ಶಾಲೆಗೆ ಕೆಲಸಕ್ಕೆ ಹೋದ. ಅಲ್ಲಿದ್ದವರು ಮೆಕ್ಸಿಕನ್ ಕೂಲಿಗಳ ಮಕ್ಕಳು, ಮನೆಮಾತು ಸ್ಪ್ಯಾನಿಷ್. ಹುಡುಗನಿಗೆ ಸ್ಪ್ಯಾನಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ಕೊಂಡು ಕೊಟ್ಟ. ಅದೇ ಮಕ್ಕಳು ಅಂಗಳದಲ್ಲಿ ಸ್ಪ್ಯಾನಿಷ್ ಆಡಿದರೆ ಶಿಕ್ಷೆಯನ್ನೂ ಕೊಡುತ್ತಿದ್ದ ಎಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪ್ರೀತಿಗೆ ಕೊರತೆ ಇರಲಿಲ್ಲ, ತರಬೇತಿ ಇರಲಿಲ್ಲ. ಆ ಹುಡುಗ ಲಿಂಡನ್ ಜಾನ್ಸನ್, ಮುಂದೆ ಆ ದೇಶದ ಅಧ್ಯಕ್ಷ. 1965ರ ನವೆಂಬರ್ 8ರಂದು ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುವ ಉನ್ನತ ಶಿಕ್ಷಣ ಕಾಯಿದೆಗೆ ಸಹಿ ಹಾಕಲು ಅವರು ಆರಿಸಿಕೊಂಡ ಜಾಗ ಅದೇ ಸ್ಯಾನ್ ಮಾರ್ಕೋಸ್ ಕಾಲೇಜು. 1968ರ ಜನವರಿ 2ರಂದು ದ್ವಿಭಾಷಾ ಶಿಕ್ಷಣ ಕಾಯಿದೆಗೂ ಅವರದೇ ಸಹಿ ಬಿತ್ತು. ಆ ಮಸೂದೆಯ ಹಿಂದಿದ್ದವರು ಟೆಕ್ಸಾಸಿನವರೇ ಆದ ಸೆನೆಟರ್ ರಾಲ್ಫ್ ಯಾರ್‌ಬರೋ.

ಕಾಯಿದೆ ಬರುವುದಕ್ಕೆ ಐದು ವರ್ಷ ಮೊದಲೇ, 1963ರಲ್ಲಿ, ಮಯಾಮಿಯ ಕೋರಲ್ ವೇ ಎಂಬ ಸರ್ಕಾರಿ ಶಾಲೆಯಲ್ಲಿ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಸ್ಪ್ಯಾನಿಷ್ ಪಾಠ ಶುರುವಾಗಿತ್ತು. ಅದು ನಡೆದದ್ದು ಹೇಗೆಂದು ನೋಡಬೇಕು. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದವರಲ್ಲಿ ತರಬೇತಿ ಪಡೆದ ಶಿಕ್ಷಕ, ಶಿಕ್ಷಕಿಯರು ಬೇಕಾದಷ್ಟಿದ್ದರು. ಹೊಸ ದೇಶದಲ್ಲಿ ಅವರ ಸರ್ಟಿಫಿಕೇಟಿಗೆ ಬೆಲೆ ಇರಲಿಲ್ಲ, ಬಹಳ ಮಂದಿ ಸಿಕ್ಕ ಕೂಲಿಗೆ ಕೈಹಾಕಿದ್ದರು. ಮಯಾಮಿ ವಿಶ್ವವಿದ್ಯಾಲಯ ಅವರಿಗೆ ಮರುತರಬೇತಿ ಕೊಟ್ಟಿತು, ಶಾಲೆಯ ಯೋಜನೆಗೆ ಫೋರ್ಡ್ ಪ್ರತಿಷ್ಠಾನದ ಹಣ ಬಂತು. ಮಕ್ಕಳ ನುಡಿ ಗೊತ್ತಿರುವ ಶಿಕ್ಷಕರು ಆ ಊರಿನಲ್ಲಿ ಆಗಲೇ ಇದ್ದರು. ಅವರನ್ನು ತರಗತಿಯವರೆಗೆ ತಂದು ನಿಲ್ಲಿಸಲು ಸ್ವಲ್ಪ ಹಣ, ಸ್ವಲ್ಪ ಕಾಲ ಸಾಕಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಲಂಬಾಣಿ ತಾಂಡಾಗಳ ಬಳಿಗೆ ಹೋದಾಗ ಬೇಕಾಗುತ್ತದೆ.

1968ರ ಕಾಯಿದೆಗೆ 1969ರಲ್ಲಿ ಸಿಕ್ಕ ಹಣ 75 ಲಕ್ಷ ಡಾಲರ್. ಇಡೀ ದೇಶಕ್ಕೆ ಅಷ್ಟೇ. ಶಾಲೆಗಳು ಅರ್ಜಿ ಹಾಕಿದವು, ಯೋಜನೆಗಳು ಶುರುವಾದವು, ಆಮೇಲೆ ಕಲಿಸುವವರೆಲ್ಲಿ ಎಂದು ಹುಡುಕಿದರು. 1974ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ತಿಳಿಯದೆ ತರಗತಿಯಲ್ಲಿ ಸುಮ್ಮನೆ ಕೂತಿದ್ದ ಚೀನೀ ಮಕ್ಕಳ ಪರವಾಗಿ ಹೂಡಿದ್ದ ಲಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಮೇಲೆ ಹೊಣೆ ಹೊರಿಸಿತು. ಒಂದೇ ಪುಸ್ತಕ, ಒಂದೇ ಮೇಷ್ಟರು ಕೊಟ್ಟಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷದ ಕಾಯಿದೆ ತಿದ್ದುಪಡಿಯಲ್ಲಿ ಶಿಕ್ಷಕರ ತರಬೇತಿಗೂ ಶಿಕ್ಷಕರನ್ನು ತಯಾರು ಮಾಡುವ ಅಧ್ಯಾಪಕರ ಫೆಲೋಶಿಪ್‌ಗಳಿಗೂ ಹಣ ಒದಗಿತು. ಮೇಷ್ಟರಿಗೆ ಮೇಷ್ಟರಾದವರಿಗೂ ವೇತನ ಬೇಕು ಎಂದು ಯಾರಿಗೋ ಹೊಳೆದದ್ದು ನನಗೆ ಬಹಳ ಇಷ್ಟವಾದ ಸಂಗತಿ. ನಮ್ಮ ಯಾವ ಯೋಜನೆಯೂ ಸಾಮಾನ್ಯವಾಗಿ ಅಲ್ಲಿಯವರೆಗೆ ಯೋಚಿಸುವುದಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾದ ಕಥೆ. 1998ರ ಜೂನ್ 2ರಂದು ಆ ರಾಜ್ಯದ ಮತದಾರರು 227ನೆಯ ಪ್ರಸ್ತಾವವನ್ನು ಸುಮಾರು ನೂರಕ್ಕೆ 61ರಷ್ಟು ಮತಗಳಿಂದ ಒಪ್ಪಿದರು. ರಾನ್ ಉನ್ಜ್ ಎಂಬ ಸಾಫ್ಟ್‌ವೇರ್ ಉದ್ಯಮಿ ಮುಂದೆ ನಿಂತು ನಡೆಸಿದ ಪ್ರಚಾರ ಅದು. ಶಾಲೆಗಳಲ್ಲಿ ಇಂಗ್ಲಿಷೇ ಮುಖ್ಯವಾಯಿತು, ಎರಡು ನುಡಿಯ ತರಗತಿಗಳು ಕರಗುತ್ತ ಬಂದವು. ಕೆಲಸವೇ ಇಲ್ಲದ ಮೇಲೆ ಆ ತರಬೇತಿಗೆ ಯಾರು ಸೇರುತ್ತಾರೆ? ಕಾಲೇಜುಗಳ ದ್ವಿಭಾಷಾ ವಿಭಾಗಗಳೂ ಸೊರಗಿದವು. 2016ರ ನವೆಂಬರಿನಲ್ಲಿ ಅದೇ ಮತದಾರರು ಮನಸ್ಸು ಬದಲಾಯಿಸಿ, 58ನೆಯ ಪ್ರಸ್ತಾವಕ್ಕೆ ನೂರಕ್ಕೆ 73ರಷ್ಟು ಮತ ಹಾಕಿ ಹಳೆಯ ನಿರ್ಬಂಧವನ್ನು ತೆಗೆದುಹಾಕಿದರು. ತಂದೆ ತಾಯಂದಿರು ಎರಡು ನುಡಿಯ ತರಗತಿ ಬೇಕೆಂದು ಸಾಲು ನಿಂತರು. ಕಲಿಸುವವರು ಮಾತ್ರ ಸಿಗಲಿಲ್ಲ.

ಯಾಕೆ ಸಿಗಲಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 1998ರಲ್ಲಿ ಒಂದನೆಯ ತರಗತಿಗೆ ಸೇರಿದ ಆರು ವರ್ಷದ ಮಗುವಿಗೆ 2016ರಲ್ಲಿ ಇಪ್ಪತ್ತನಾಲ್ಕು ವರ್ಷ. ಹೊಸ ಮೇಷ್ಟರು ಕೆಲಸಕ್ಕೆ ಸೇರುವ ವಯಸ್ಸೇ ಅದು. ಅಂದರೆ 2016ರಲ್ಲಿ ಶಿಕ್ಷಕರಾಗಬೇಕಿದ್ದ ಪೀಳಿಗೆಯೇ ಶಾಲೆಯಲ್ಲಿ ಮನೆಮಾತು ಕೇಳದೆ ಬೆಳೆದ ಪೀಳಿಗೆ. ಅಜ್ಜಿಯ ಜೊತೆ ಅಡುಗೆಮನೆಯಲ್ಲಿ ಸ್ಪ್ಯಾನಿಷ್ ಆಡಬಲ್ಲವರು, ಭಿನ್ನರಾಶಿಯನ್ನೋ ದ್ಯುತಿಸಂಶ್ಲೇಷಣೆಯನ್ನೋ ಆ ನುಡಿಯಲ್ಲಿ ವಿವರಿಸಲಾರದವರು. ಬಿತ್ತನೆಗೆ ಇಟ್ಟ ಕಾಳನ್ನು ಬೀಸಿ ರೊಟ್ಟಿ ಮಾಡಿ ಉಂಡ ಮನೆಯ ಗತಿ ಅದು. ಆದ್ದರಿಂದ ಅಂಥವರಿಗೆ ವಿದ್ಯಾರ್ಥಿವೇತನ ಕೊಟ್ಟು ಬೋಧನಾ ವಿಧಾನ ಕಲಿಸಿದರೆ ಸಾಲದು, ಅವರ ಸ್ವಂತ ಮನೆಮಾತನ್ನೇ ಓದಿಸಿ ಬರೆಸಿ ಗಟ್ಟಿಮಾಡಲೂ ಹಣ ಬೇಕು. ಈ ಎರಡನೆಯ ಖರ್ಚು ಯಾವ ಸರ್ಕಾರದ ಅಂದಾಜು ಪಟ್ಟಿಯಲ್ಲೂ ಸುಲಭವಾಗಿ ಕಾಣುವುದಿಲ್ಲ.

ಅದೇ ರಾಜ್ಯ 2016ರಲ್ಲಿ ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುತ್ತದೆ. ಶಾಲೆಯಲ್ಲಿ ಶಿಕ್ಷಕರ ಸಹಾಯಕಿಯರಾಗಿ, ಆಫೀಸಿನಲ್ಲಿ, ಊಟದ ಕೋಣೆಯಲ್ಲಿ ದುಡಿಯುವ ಬೋಧಕೇತರ ನೌಕರರು ಕೆಲಸ ಬಿಡದೆಯೇ ಪದವಿ ಓದಿ ಶಿಕ್ಷಕರಾಗಲೆಂದು ಒಬ್ಬೊಬ್ಬರಿಗೆ ವರ್ಷಕ್ಕೆ 4,000 ಡಾಲರಿನಂತೆ ಸಾವಿರ ಮಂದಿಗೆ ನೆರವು ಇಟ್ಟಿತು. ಮಕ್ಕಳ ನುಡಿ ಆಡುವವರು ಶಾಲೆಯ ಒಳಗೇ ಇರುತ್ತಾರೆ, ಹಲವು ಬಾರಿ ಸೌಟು ಹಿಡಿದು ನಿಂತಿರುತ್ತಾರೆ. ನಮ್ಮ ಅಂಗನವಾಡಿ ಕಾರ್ಯಕರ್ತೆಯರನ್ನು, ಬಿಸಿಯೂಟದ ಅಡುಗೆಯವರನ್ನು ನೆನೆಸಿಕೊಂಡರೆ ಈ ಮಾತು ಅರ್ಥವಾಗುತ್ತದೆ.

ಎಡವಿದ ಜಾಗ ಎಂದೆನಲ್ಲ, ಅದರಲ್ಲಿ ದೊಡ್ಡದು ಟೀಚ್ ಗ್ರ್ಯಾಂಟ್. 2007ರ ಕಾಯಿದೆಯಿಂದ ಬಂದ ಅಮೆರಿಕದ ಕೇಂದ್ರ ಸರ್ಕಾರದ ಅನುದಾನ ಇದು. ಶಿಕ್ಷಕ ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ ಸಿಗುತ್ತದೆ. ಪ್ರತಿಯಾಗಿ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಮಕ್ಕಳ ಶಾಲೆಯಲ್ಲಿ, ಶಿಕ್ಷಕರ ಕೊರತೆಯಿರುವ ವಿಷಯ ಕಲಿಸಬೇಕು. ಆ ವಿಷಯಗಳ ಪಟ್ಟಿಯಲ್ಲಿ ದ್ವಿಭಾಷಾ ಶಿಕ್ಷಣದ ಹೆಸರೂ ಇದೆ. ಕರಾರು ತಪ್ಪಿದರೆ ಇಡೀ ಅನುದಾನ ಬಡ್ಡಿಸಮೇತ ಸಾಲವಾಗುತ್ತದೆ. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪ್ರತಿವರ್ಷ ನಾನು ಇಂಥ ಶಾಲೆಯಲ್ಲಿ ಕಲಿಸುತ್ತಿದ್ದೇನೆ ಎಂಬ ಪ್ರಮಾಣಪತ್ರ ಕಳಿಸಬೇಕಿತ್ತು. ಅದು ಒಂದು ದಿನ ತಡವಾದರೆ, ಒಂದು ಸಹಿ ಬಿಟ್ಟುಹೋದರೆ, ಪ್ರಾಮಾಣಿಕವಾಗಿ ಪಾಠ ಮಾಡುತ್ತಲೇ ಇದ್ದವರ ಅನುದಾನವೂ ಸಾಲವಾಯಿತು. ಸಾವಿರಾರು ಶಿಕ್ಷಕರು ಹೀಗೆ ಸಾಲಗಾರರಾದರು. 2018ರಲ್ಲಿ ಪತ್ರಿಕೆ, ರೇಡಿಯೊಗಳಲ್ಲಿ ಇದು ದೊಡ್ಡ ಸುದ್ದಿಯಾದ ಮೇಲೆ ಸರ್ಕಾರ ತಿದ್ದಿಕೊಳ್ಳಲು ಒಪ್ಪಿತು. ನಮ್ಮಲ್ಲಿ ವಿದ್ಯಾರ್ಥಿವೇತನದ ಪೋರ್ಟಲ್ಲಿನ ಮುಂದೆ, ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆಯ ಮುಂದೆ ಕೂತು ಅತ್ತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಮೈಸೂರಿಗೆ ಬರೋಣ. 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲಿ ಶುರುವಾಯಿತು. ಡಿ.ಪಿ. ಪಟ್ಟನಾಯಕರು ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮೈಸೂರು, ಭುವನೇಶ್ವರ, ಪುಣೆ, ಪಟಿಯಾಲಗಳಲ್ಲಿ ಪ್ರಾದೇಶಿಕ ಭಾಷಾ ಕೇಂದ್ರಗಳು ತೆರೆದವು. ಯೋಜನೆ ಸರಳ, ಸುಂದರ. ಬೇರೆ ರಾಜ್ಯದ ಶಾಲಾ ಶಿಕ್ಷಕರು ನಿಯೋಜನೆಯ ಮೇಲೆ ಬಂದು ಹತ್ತು ತಿಂಗಳು ಕೂತು ಒಂದು ಹೊಸ ಭಾರತೀಯ ನುಡಿ ಕಲಿಯುವುದು. ಮೈಸೂರಿನ ದಕ್ಷಿಣ ಕೇಂದ್ರದಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ. ಊರಿನ ಸಂಬಳ ನಿಲ್ಲುವುದಿಲ್ಲ, ಮೇಲೆ ಸಂಸ್ಥಾನದ ಶಿಷ್ಯವೇತನ. ಜುಲೈಯಲ್ಲಿ ಅಕ್ಷರ ಬರೆಯಲು ತಡಕಾಡಿದವರು ಏಪ್ರಿಲ್ ಹೊತ್ತಿಗೆ ಕಥೆ ಓದುತ್ತಿದ್ದರು. ಭಾಷೆ ಕಲಿಯಲು ಸಂಬಳ ಸಹಿತ ಹತ್ತು ತಿಂಗಳು! ಇಷ್ಟು ದಿಟ್ಟ ಯೋಜನೆ ನಮ್ಮ ದೇಶದಲ್ಲಿ ಇತ್ತು, ಅದೂ ನಮ್ಮ ರಾಜ್ಯದಲ್ಲೇ ಇತ್ತು ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಆ ಆವರಣದಲ್ಲಿ ಹಿಂದೊಮ್ಮೆ ಉತ್ತರ ಭಾರತದ ಮೇಷ್ಟರೊಬ್ಬರ ಪರಿಚಯವಾಯಿತು. ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ವೀಳ್ಯದೆಲೆ ಕೊಳ್ಳುವಷ್ಟು ಕನ್ನಡ ಅವರಿಗೆ ಬಂದಿತ್ತು. ಊರಿಗೆ ಹೋದ ಮೇಲೆ ಮಕ್ಕಳಿಗೆ ಏನು ಕಲಿಸುತ್ತೀರಿ ಸರ್ ಎಂದು ಕೇಳಿದೆ. ‘ಸಂಸ್ಕೃತ’ ಎಂದರು. ಅವರ ಶಾಲೆಯಲ್ಲಿ ಮೂರನೆಯ ಭಾಷೆ ಅದೇ. 1968ರ ತ್ರಿಭಾಷಾ ಸೂತ್ರ ಹಿಂದಿ ರಾಜ್ಯಗಳ ಮಕ್ಕಳು ದಕ್ಷಿಣದ ಒಂದು ನುಡಿ ಕಲಿಯಲಿ ಎಂದು ಬಯಸಿತ್ತು, ಆ ರಾಜ್ಯಗಳ ಹೆಚ್ಚಿನ ಶಾಲೆಗಳು ಸಂಸ್ಕೃತವನ್ನು ಆರಿಸಿಕೊಂಡು ಕೈತೊಳೆದುಕೊಂಡವು. ತಮಿಳುನಾಡು ಎರಡೇ ಭಾಷೆ ಸಾಕೆಂದಿತು. ಮೈಸೂರಿನಲ್ಲಿ ಪಾಠ ಸರಿಯಾಗಿತ್ತು, ಹಣ ಬರುತ್ತಿತ್ತು, ಮೇಷ್ಟರು ನಿಜವಾಗಿ ಕಲಿತರು. ಆದರೆ ಅವರು ಹಿಂದಿರುಗುವ ಶಾಲೆಯಲ್ಲಿ ಆ ನುಡಿಗೆ ಹುದ್ದೆ ಇರಲಿಲ್ಲ. ಹುದ್ದೆ ಇಲ್ಲದ ವಿದ್ಯಾರ್ಥಿವೇತನದಿಂದ ಒಳ್ಳೆಯ ಮನುಷ್ಯರು ತಯಾರಾಗಬಹುದು, ಪಾಠ ತಯಾರಾಗುವುದಿಲ್ಲ.

ಇದರ ತಿರುಗುಮುರುಗಾದ ಸ್ಥಿತಿ ಕಾಸರಗೋಡಿನದು. ಅಲ್ಲಿ ಹುದ್ದೆ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಕನ್ನಡ ಮಾಧ್ಯಮದ ಶಾಲೆಗಳು ಉಳಿದುಕೊಂಡವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಸೌಲಭ್ಯ ಎಂದರೆ ಕೋಣೆ, ಬೆಂಚು, ಪುಸ್ತಕ ಎಂದು ಕಚೇರಿಗಳು ಅರ್ಥ ಮಾಡಿಕೊಂಡವು. ಕನ್ನಡ ಓದಲೂ ಬಾರದ ಶಿಕ್ಷಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬರುವುದು, ಮಕ್ಕಳು ಅಂಗಳದಲ್ಲಿ ಕೂತು ಪ್ರತಿಭಟಿಸುವುದು, ಪಾಲಕರು ಕೋರ್ಟಿಗೆ ಹೋಗುವುದು ಅಲ್ಲಿ ಮತ್ತೆ ಮತ್ತೆ ನಡೆದಿದೆ. ನಾವು ಇಲ್ಲಿ ಕೂತು ಕೇರಳವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಭೌತಶಾಸ್ತ್ರ, ಗಣಿತಗಳನ್ನು ಕನ್ನಡದಲ್ಲಿ ಕಲಿಸಬಲ್ಲ, ಮಲಯಾಳಂನಲ್ಲೂ ವ್ಯವಹರಿಸಬಲ್ಲ, ಕೇರಳದ ಅರ್ಹತಾ ಪರೀಕ್ಷೆಗಳನ್ನು ಪಾಸು ಮಾಡಿದ ಯುವಕ ಯುವತಿಯರು ವರ್ಷಕ್ಕೆ ಎಷ್ಟು ಮಂದಿ ತಯಾರಾಗುತ್ತಿದ್ದಾರೆ, ಅವರ ಓದಿಗೆ ಕರ್ನಾಟಕ ಏನು ಕೊಡುತ್ತಿದೆ ಎಂದು ಕೇಳಿಕೊಳ್ಳಬೇಕು. ಗಡಿನಾಡ ಉತ್ಸವಕ್ಕೆ ಶಾಮಿಯಾನ ಹಾಕಿಸುವ ಹಣದಲ್ಲಿ ಅರ್ಧವಾದರೂ ಮಂಗಳೂರಿಗೆ ಬಂದು ಬಿ.ಎಡ್ ಓದುವ ಕಾಸರಗೋಡಿನ ಮಕ್ಕಳ ಹಾಸ್ಟೆಲ್ ಖರ್ಚಿಗೆ ಹೋಗಲಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ವಿಷಯಕ್ಕೂ ಇದೇ ಮಾತು. ಈ ಕಡೆ ನಮ್ಮ ಮರಾಠಿ, ಉರ್ದು, ತೆಲುಗು ಶಾಲೆಗಳಲ್ಲಿ ಕನ್ನಡ ಕಲಿಸುವವರ ವಿಷಯಕ್ಕೂ ಅದೇ. ಆ ಮಕ್ಕಳ ನುಡಿ ಒಂದಿಷ್ಟೂ ತಿಳಿಯದೆ ಕಲಿಸಿದ ಕನ್ನಡ ಪರೀಕ್ಷೆಯ ಕನ್ನಡವಾಗಿಯೇ ಉಳಿಯುತ್ತದೆ.

2019–20ರಲ್ಲಿ ಕರ್ನಾಟಕ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆಮೇಲೆ ಆ ಸಂಖ್ಯೆ ಬೆಳೆಯಿತು, ದ್ವಿಭಾಷಾ ಎಂಬ ಹೆಸರು ಬಂತು, ಕನ್ನಡ ಇಂಗ್ಲಿಷ್ ಎರಡೂ ಇರುವ ಪಠ್ಯಪುಸ್ತಕಗಳು ಬಂದವು. ಅದನ್ನು ವಿರೋಧಿಸಿದವರ ವಾದವನ್ನೂ ಸಮರ್ಥಿಸಿದವರ ವಾದವನ್ನೂ ಕೇಳಿದ್ದೇನೆ, ಎರಡರಲ್ಲೂ ಸತ್ಯವಿದೆ. ನನ್ನ ತಕರಾರು ಬೇರೆ. ಆ ತರಗತಿಗೆ ನಿಂತವರು ಹೆಚ್ಚಾಗಿ ಕನ್ನಡದಲ್ಲೇ ಕಲಿತು, ಕನ್ನಡದಲ್ಲೇ ಕಲಿಸುತ್ತ ಬಂದಿದ್ದ ಶಿಕ್ಷಕಿಯರು. ಅವರಿಗೆ ಸಿಕ್ಕಿದ್ದು ಕೆಲವು ದಿನಗಳ ತರಬೇತಿ. ಮೈಸೂರಿನಲ್ಲಿ ಒಂದು ನುಡಿಗೆ ಹತ್ತು ತಿಂಗಳು ಬೇಕೆಂದು ಅರ್ಧ ಶತಮಾನದ ಹಿಂದೆಯೇ ಕಂಡುಕೊಂಡಿದ್ದೆವು. ಆ ಅನುಭವವನ್ನು ಯಾರೂ ಹೋಗಿ ಕೇಳಲಿಲ್ಲ.

ನಾನು ಬಹುಕಾಲ ಕೆಲಸ ಮಾಡಿದ್ದು ಶಿಕ್ಷಕರ ತರಬೇತಿಯಲ್ಲೇ. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿದ್ದಾಗ ತಾಂಡಾದಿಂದ ಬಂದ ಒಬ್ಬ ಹುಡುಗಿ ಡಿ.ಎಡ್‌ಗೆ ಸೇರಿದ್ದಳು. ಮನೆಮಾತು ಲಂಬಾಣಿ, ಕನ್ನಡ ನಮ್ಮ ನಿಮ್ಮಷ್ಟೇ ಚೆನ್ನ. ಅಭ್ಯಾಸ ಪಾಠಕ್ಕೆ ಅವಳಿಗೆ ಸಿಕ್ಕಿದ್ದು ತಾಂಡಾದ ಪಕ್ಕದ ಶಾಲೆ. ಒಂದನೆಯ ತರಗತಿಯ ಮಕ್ಕಳು ಕೂಡುವ ಲೆಕ್ಕದಲ್ಲಿ ತಡವರಿಸುತ್ತಿದ್ದಾಗ ಅವಳು ತಟ್ಟನೆ ಲಂಬಾಣಿಗೆ ಹೊರಳಿದಳು, ಹಿಂದಿನ ಸಾಲಿನ ಮಕ್ಕಳ ಬೆರಳೆಲ್ಲ ಮೇಲೆದ್ದವು. ಆಮೇಲೆ ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿಸಿದಳು. ಪಾಠ ನೋಡಲು ಬಂದವರು ಅವಳ ಪಾಠಯೋಜನೆಯ ಪುಸ್ತಕದಲ್ಲಿ ‘ಮಾಧ್ಯಮ ಭಾಷೆ ಬಿಟ್ಟು ಬೇರೆ ಭಾಷೆ ಬಳಸಿದ್ದಾರೆ, ತಿದ್ದಿಕೊಳ್ಳಬೇಕು’ ಎಂದು ಬರೆದರು. ಕೋರ್ಸು ಮುಗಿಯಿತು. ಶಿಕ್ಷಕರ ನೇಮಕಾತಿಯಲ್ಲಿ ಟಿಇಟಿ ಎಂಬ ಅರ್ಹತಾ ಪರೀಕ್ಷೆಗೆ, ಪದವಿಗೆ, ನೇಮಕಾತಿ ಪರೀಕ್ಷೆಗೆ ಅಂಕಗಳಿವೆ, ಅವಳ ಮನೆಮಾತಿಗೆ ಒಂದು ಅಂಕವೂ ಇಲ್ಲ. ಅಪ್ಪ ಅಮ್ಮ ಕಬ್ಬು ಕಡಿಯಲು ಗುಳೆ ಹೋಗುವ ಮನೆ, ನೇಮಕಾತಿ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದಳು ಎಂದು ಆಮೇಲೆ ಕೇಳಿದೆ. ಕೋರಲ್ ವೇ ಶಾಲೆಗೆ ಬೇಕಾಗಿದ್ದ ಶಿಕ್ಷಕಿ ನಮ್ಮಲ್ಲೂ ಆಗಲೇ ಇದ್ದಳು, ನಾವು ಅವಳನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿದೆವು.

ಒಡಿಶಾ 2007ರಲ್ಲಿ ಹತ್ತು ಬುಡಕಟ್ಟು ನುಡಿಗಳಲ್ಲಿ ಪ್ರಾಥಮಿಕ ಪಾಠ ಶುರುಮಾಡಿದಾಗ ಆಯಾ ಸಮುದಾಯದ ಯುವಕ ಯುವತಿಯರನ್ನೇ ಶಿಕ್ಷಕರಾಗಿ ಹುಡುಕಿತು. ಸೋಲಿಗರ, ಜೇನುಕುರುಬರ ಹಾಡಿಗಳ ಪಕ್ಕದಲ್ಲಿ ಆಶ್ರಮ ಶಾಲೆ ನಡೆಸುವ ನಮಗೆ ಅದು ಅಸಾಧ್ಯವೇನಲ್ಲ. ಕಾಗದವೂ ನಮ್ಮ ಪರವಾಗಿಯೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೇರೆ ಮಾತುಗಳ ಬಗ್ಗೆ ನನಗೆ ಜಗಳವಿದ್ದರೂ ಒಂದು ಮಾತನ್ನು ಒಪ್ಪುತ್ತೇನೆ. ಗ್ರಾಮೀಣ ಭಾಗದಲ್ಲಿ ಬಿ.ಎಡ್ ಓದುವ ಪ್ರತಿಭಾವಂತರಿಗೆ ವಿಶೇಷ ವಿದ್ಯಾರ್ಥಿವೇತನ ಕೊಟ್ಟು, ಓದು ಮುಗಿದ ಮೇಲೆ ಅವರದೇ ಪ್ರದೇಶದಲ್ಲಿ ಕೆಲಸಕ್ಕೆ ಆದ್ಯತೆ ಕೊಡಬೇಕೆಂದು ಅದರಲ್ಲಿದೆ. ಸ್ಥಳೀಯ ನುಡಿ ಬಲ್ಲವರು ಬೇಕೆಂಬ ಮಾತೂ ಇದೆ. ಸ್ಥಳೀಯರಿಗೆ ಹುದ್ದೆ ಮೀಸಲಿಡುವುದು ನಮಗೆ ಹೊಸದೂ ಅಲ್ಲ, 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಮಾಡುತ್ತಲೇ ಇದ್ದೇವೆ. ಪ್ರದೇಶದ ಜೊತೆಗೆ ನುಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮುಂದಿನ ಹೆಜ್ಜೆ.

ವೇತನ ಪಡೆದವರು ಇಷ್ಟು ವರ್ಷ ಕಲಿಸಬೇಕೆಂಬ ಕರಾರಿನ ವಿಷಯದಲ್ಲಿ ನನ್ನ ಗೆಳೆಯರೇ ನನ್ನ ಮೇಲೆ ಏರಿಬರುತ್ತಾರೆ. ಬಡವರ ಮಕ್ಕಳನ್ನು ಬಾಂಡ್ ಬರೆಸಿಕೊಂಡು ಕಟ್ಟಿಹಾಕುತ್ತೀರಾ ಎನ್ನುತ್ತಾರೆ. ಕಟ್ಟಿಹಾಕುವುದು ನನಗೂ ಬೇಡ. ಆದರೆ ಕರಾರು ಎರಡೂ ಕಡೆಗೆ ಇರಲಿ ಎನ್ನುತ್ತೇನೆ. ನೀನು ನಾಲ್ಕು ವರ್ಷ ಕಲಿಸು ಎನ್ನುವ ಸರ್ಕಾರ, ನಾಲ್ಕು ವರ್ಷದ ಹುದ್ದೆ ನಾನು ಕೊಡುತ್ತೇನೆ ಎಂದು ಮೊದಲು ಸಹಿ ಮಾಡಲಿ. ಹುದ್ದೆ ಕೊಡದಿದ್ದರೆ ಆ ಹುಡುಗಿಯ ಮೇಲೆ ಋಣವಿಲ್ಲ. ಮದುವೆಯಾಗಿ ಊರು ಬದಲಾಗುವ ಹೆಣ್ಣುಮಕ್ಕಳ ಪ್ರಶ್ನೆಯೂ ಇದೆ, ನಮ್ಮ ಶಿಕ್ಷಕರಾಗುವವರಲ್ಲಿ ಹೆಚ್ಚಿನವರು ಅವರೇ. ಕರಾರನ್ನು ಒಂದು ತಾಲ್ಲೂಕಿಗೆ ಬಿಗಿಯುವ ಬದಲು ನುಡಿಗೆ ಬಿಗಿಯಿರಿ. ಲಂಬಾಣಿ ತಾಂಡಾ ವಿಜಯಪುರದಲ್ಲೂ ಇದೆ, ದಾವಣಗೆರೆಯಲ್ಲೂ ಇದೆ. ಶಿವಮೊಗ್ಗಕ್ಕೆ ಸೊಸೆಯಾಗಿ ಹೋದವಳು ಅಲ್ಲಿನ ತಾಂಡಾ ಶಾಲೆಯಲ್ಲಿ ಉಳಿದ ವರ್ಷಗಳನ್ನು ಪೂರೈಸಲಿ. ಅವಳು ಕಲಿಸುತ್ತಿದ್ದಾಳೋ ಇಲ್ಲವೋ ಎಂಬುದು ಹಾಜರಿ ಪುಸ್ತಕದಲ್ಲೇ ಇದೆ, ವರ್ಷವರ್ಷ ಪ್ರಮಾಣಪತ್ರ ತಾ ಎಂದು ಕಾಡಬೇಡಿ. ಹಣ ತಿಂಗಳ ಮೊದಲ ವಾರ ಕೈಸೇರಲಿ. ಜುಲೈಯಲ್ಲಿ ಸೇರಿದವರಿಗೆ ಮಾರ್ಚಿನಲ್ಲಿ ಒಟ್ಟಿಗೆ ಬರುವ ವಿದ್ಯಾರ್ಥಿವೇತನದಿಂದ ಬಡ್ಡಿ ಸಾಲ ತೀರುತ್ತದೆ, ಊಟ ಆಗುವುದಿಲ್ಲ. ಅಷ್ಟು ಹೊತ್ತಿಗೆ ಓದು ಬಿಟ್ಟವರು ಬಿಟ್ಟಿರುತ್ತಾರೆ.

ಸರ್ಕಾರ ಮಾಡಬೇಕಾದ್ದನ್ನು ಹೇಳಿ ವೇದಿಕೆ ಇಳಿಯುವುದು ಸುಲಭ. ದತ್ತಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ನಮ್ಮ ಸಂಘ ಸಂಸ್ಥೆಗಳಲ್ಲಿ ಇಟ್ಟ ದತ್ತಿಗಳ ಅಸಲು ಮುಟ್ಟುವಂತಿಲ್ಲ. ಬ್ಯಾಂಕಿನ ಬಡ್ಡಿ ಇಳಿಯುತ್ತ ಬಂದು, ಈಗ ಬಹಳ ದತ್ತಿಗಳ ವರ್ಷದ ಬಡ್ಡಿ ಒಂದು ಶಾಲು, ಒಂದು ಹಾರ, ಬುಟ್ಟಿ ಹಣ್ಣು, ಉಪನ್ಯಾಸಕರ ಬಸ್ ಚಾರ್ಜಿಗೆ ಸರಿಹೋಗುತ್ತದೆ. ಈ ಹೊತ್ತು ನನಗೂ ಅವೆಲ್ಲ ಸಿಕ್ಕಿವೆ, ಸಂತೋಷವೇ. ಆದರೆ ಒಂದೇ ಊರಿನ ಹತ್ತು ದತ್ತಿಗಳು ಎರಡು ವರ್ಷಕ್ಕೊಮ್ಮೆ ಉಪನ್ಯಾಸ ಇಟ್ಟುಕೊಂಡು, ನಡುವಿನ ವರ್ಷದ ಬಡ್ಡಿಯನ್ನೆಲ್ಲ ಒಟ್ಟುಗೂಡಿಸಿದರೆ ಒಬ್ಬ ಡಿ.ಎಡ್ ವಿದ್ಯಾರ್ಥಿನಿಯ ಒಂದು ವರ್ಷದ ಹಾಸ್ಟೆಲ್ಲಿಗೂ ಬಸ್ ಪಾಸಿಗೂ ಆಗಬಹುದು. ದಾನಿಗಳ ಹೆಸರು ಆ ಹುಡುಗಿಯ ವೇತನಕ್ಕೂ ಇಡಬಹುದು. ಒಂದು ಗಂಟೆ ಕೇಳಿ ಮರೆಯುವ ನನ್ನ ಮಾತಿಗಿಂತ ಅದು ಹೆಚ್ಚು ಕಾಲ ಬಾಳುತ್ತದೆ.

ಈ ವೇತನವನ್ನು ಯಾರಿಗೆ ಕೊಡಬೇಕೆಂದು ಆರಿಸುವುದು ಹೇಗೆ ಎಂದು ಸಂಘದ ಕಾರ್ಯದರ್ಶಿಗಳು ಆಗಲೇ ಕೇಳಿದರು. ಲಂಬಾಣಿ, ಸೋಲಿಗ, ಕೊರಗ ನುಡಿಗಳನ್ನು ಅಳೆಯಲು ಸರ್ಕಾರಿ ಪರೀಕ್ಷೆ ಇಲ್ಲವಲ್ಲ ಎಂಬುದು ಅವರ ಸಂಶಯ, ಅದು ಸರಿಯಾದ ಸಂಶಯವೇ. ಸಂದರ್ಶನವನ್ನು ತಾಂಡಾದಲ್ಲೇ, ಹಾಡಿಯಲ್ಲೇ ಇಡೋಣ. ತಾಂಡಾದ ನಾಯಕರನ್ನೂ ಅಲ್ಲಿನ ಅಂಗನವಾಡಿ ಕಾರ್ಯಕರ್ತೆಯನ್ನೂ ಕುರ್ಚಿ ಹಾಕಿ ಕೂರಿಸೋಣ. ಅಭ್ಯರ್ಥಿ ಅಲ್ಲಿನ ನಾಲ್ಕು ಮಕ್ಕಳಿಗೆ ಒಂದು ಲೆಕ್ಕವನ್ನು ಮೊದಲು ಅವರ ನುಡಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿಕೊಡಲಿ. ಮಕ್ಕಳಿಗೆ ತಿಳಿಯಿತೋ ಇಲ್ಲವೋ ಎಂಬುದನ್ನು ಆ ಇಬ್ಬರು ಹೇಳುತ್ತಾರೆ. ಅಂಕಪಟ್ಟಿ ಪರಿಶೀಲಿಸುವ ಕೆಲಸವನ್ನು ನಮ್ಮಂಥ ನಿವೃತ್ತರಿಗೆ ಬಿಡಿ, ಬರುವ ಜೂನ್‌ನಿಂದಲೇ ಶುರುಮಾಡುವುದಾದರೆ ನಾನು ಬರಲು ಸಿದ್ಧ.